ಲಕ್ಕವ್ವನ ಮಾಳಿಗೆಗೆ ಸುಣ್ಣ ಬಂತು

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಲಕ್ಕವ್ವನ ಸಂಡಿಗೆ ತಿನ್ನದವರು ಯಾರೂ ಇಲ್ಲ. ಸಾಬುದಾಣಿ ಸಂಡಿಗೆ, ಕುರಡಿಗೆ, ಹಪ್ಪಳ, ಶಾವಿಗೆ, ಯಾವುದೇ ಇರಲಿ, ಅವಳ ಕೈ ಬಿದ್ದರೆ ರುಚಿಯೇ ಬೇರೆ. ಬೇಸಿಗೆ ಬಂತೆಂದರೆ ನಸುಕಿನಲ್ಲೇ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟಿನ ಬೋಗುಣಿ ಹೊತ್ತು ಮಾಳಿಗೆ ಹತ್ತುವಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಾಳಿಗೆಯ ತುಂಬ ಬಿಳಿ ಬಿಳಿ ಚಕ್ರಗಳು. ಐವತ್ತೆರಡು ದಾಟಿದ ಹೆಂಗಸು ಇಷ್ಟು ಕೆಲಸ ಮಾಡುವುದನ್ನು ನೋಡಿದರೆ ಯಾರಿಗಾದರೂ ಭೇಷ್ ಅನ್ನಬೇಕೆನಿಸುತ್ತದೆ.

ಆದರೆ ಲಕ್ಕವ್ವ ಹಟ ಹಿಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬಿಡಿಸಲಾಗದು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಸುರೈಯಾಳ ಅಂಗಳದಲ್ಲಿ ಒಂದು ಬೇವಿನ ಮರ ಇತ್ತು. ಅದರ ಎಲೆ, ಕಾಗೆಯ ಹಿಕ್ಕೆ ತನ್ನ ಸಂಡಿಗೆಯ ಮೇಲೆ ಬೀಳುತ್ತವೆಂದು ಲಕ್ಕವ್ವ ತಿಂಗಳುಗಟ್ಟಲೆ ಜಗಳ ತೆಗೆದು, ಕೊನೆಗೆ ಅದನ್ನು ಕಡಿಸಿಯೇ ಬಿಟ್ಟಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೋದ ವರ್ಷ ತನ್ನ ಮನೆಯ ಹಳೆಯ ಮಣ್ಣಿನ ಮಾಳಿಗೆ ತೆಗೆಸಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದಳು. ಈ ವರ್ಷ ಮಗಳು ಶೈಲಶ್ರೀ ಚೊಚ್ಚಲ ಹೆರಿಗೆಗೆ ಬರುತ್ತಾಳೆ, ಬಸುರಿ ಕಾಲು ಜಾರಬಾರದು ಅಂತ ಅಂಗಳಕ್ಕೂ ಗೋಡೆಯಿಂದ ಗೋಡೆಗೆ ಕಾಂಕ್ರೀಟು ಬಳಿಸಿದಳು. ಎಲ್ಲವನ್ನೂ ಒಳ್ಳೆಯದಕ್ಕೆಂದೇ ಮಾಡಿದ್ದಳು ಪಾಪ.

ಬಬಲೇಶ್ವರದಲ್ಲಿ ಗಂಡನ ಮನೆಯವರು ಸೀಮಂತದ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಮಾರ್ಚ್ ಕೊನೆಗೆ ಶೈಲಶ್ರೀಯನ್ನು ತವರಿಗೆ ಕಳಿಸಿದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮ ಕಡೆಯ ರೂಢಿ. ಲಕ್ಕವ್ವ ಒಳಗಿನ ಕೋಣೆಯನ್ನು ಬಾಣಂತಿ ಕೋಣೆಯೆಂದು ತೊಳೆದು ಬಳಿದು ಇಟ್ಟಿದ್ದಳು. ತಾಯಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದಿದೆ ಹೇಳಿ?

ಏಪ್ರಿಲ್ ಮೊದಲ ವಾರ. ಮಧ್ಯಾಹ್ನ ಮೂರು ಗಂಟೆ. ಬಾಣಂತಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಬರುವುದು ಬಿಸಿ ಗಾಳಿಯೇ. ಎಂಟು ತಿಂಗಳ ಬಸುರಿ ಶೈಲಶ್ರೀ ಎದ್ದು ನೀರಿನ ಕೊಡದ ಕಡೆಗೆ ಹೊರಟಳು.

"ಯವ್ವಾ, ತಲಿ ಗಿರ್ ಅಂತೈತಿ..." ಎನ್ನುತ್ತಲೇ ಗೋಡೆಗುಂಟ ಜಾರಿ ಕುಸಿದಳು.

ಮುಟ್ಟಿದರೆ ಮೈ ಕೆಂಡ. ಲಕ್ಕವ್ವ ಕಿರುಚಿದ ದನಿಗೆ ಮೊದಲು ಓಡಿ ಬಂದವಳು ಯಾರೆಂದುಕೊಂಡಿರಿ? ಎರಡು ವರ್ಷ ಮಾತು ಬಿಟ್ಟ ಸುರೈಯಾ. ಬಂದವಳೇ ಒಂದು ಮಾತಾಡದೆ ತನ್ನ ದುಪಟ್ಟಾ ನೀರಿನಲ್ಲಿ ಅದ್ದಿ ಹುಡುಗಿಯ ಕುತ್ತಿಗೆ, ಕೈಕಾಲು ಒರೆಸತೊಡಗಿದಳು. ಆಶಾ ಕಾರ್ಯಕರ್ತೆ ಆಮ್ರಪಾಲಿಗೂ ಫೋನು ಹೋಯಿತು. ಎರಡು ಓಣಿ ಆಚೆ ಇದ್ದ ಅವಳು ಏದುಸಿರು ಬಿಡುತ್ತ ಬಂದಳು.

"ಕಿಟಕಿ ತಗೀರಿ. ಎಡ ಮಗ್ಗಲಕ ಮಲಗಸ್ರಿ. ಮೈ ಒರಸೂದು ಬಿಡಬ್ಯಾಡ್ರಿ ಭಾಬಿ, ಹಂಗ ನಡೀಲಿ. ಒಂದು ನೂರಾ ಎಂಟಕ್ಕ ನಾ ಫೋನ್ ಹಚ್ಚೇನಿ, ಗಾಡಿ ಬರಾಕತ್ತೈತಿ," ಎಂದು ಹೇಳುತ್ತ ಹುಡುಗಿಗೆ ಎಚ್ಚರ ಬಂದದ್ದನ್ನು ಖಾತ್ರಿ ಮಾಡಿಕೊಂಡು ಚಮಚದಲ್ಲಿ ಒಆರ್‌ಎಸ್ ನೀರು ಕುಡಿಸಿದಳು.

ಆಸ್ಪತ್ರೆಯಲ್ಲಿ ಸಲೈನ್ ಏರಿಸಿದರು. ತಾಯಿ, ಹೊಟ್ಟೆಯೊಳಗಿನ ಕೂಸು ಇಬ್ಬರೂ ಉಳಿದರು. "ಮೈಯಾಗಿನ ನೀರು ಆರೈತಿ. ಬಸರ್ಯಾರಿಗೆ ಇಂಥಾ ಶಾಖ ಬಾಳ ಕೆಟ್ಟದ್ದು, ದಿನಾ ತುಂಬೂದರಾಗ ಹೆರಿಗೆ ಆಗಬಹುದು. ತಣ್ಣನ ಜಾಗಾದಾಗ ಇಡ್ರಿ," ಎಂದರು ಡಾಕ್ಟರಮ್ಮ.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಶೈಲಶ್ರೀಯ ಅತ್ತೆ ಗುರಬಸವ್ವ ಮಗನನ್ನು ಕರೆದುಕೊಂಡು ಗಾಡಿ ಮಾಡಿಸಿಕೊಂಡು ಬಂದಳು. ಬಾಣಂತಿ ಕೋಣೆಯಲ್ಲಿ ಎರಡು ನಿಮಿಷ ನಿಂತಳು. ಹಣೆಯ ಬೆವರು ಒರೆಸಿಕೊಂಡಳು.

"ಬೀಗತ್ಯಾರ, ಸಿಟ್ಟ ಮಾಡ್ಕೋಬ್ಯಾಡ್ರಿ. ಇದು ಕ್ವಾಣಿ ಅಲ್ಲ, ರೊಟ್ಟಿ ಹಂಚ ಐತಿ. ನನ್ನ ಸೊಸಿನ್ನ ನಾ ಕರಕೊಂಡ ಹೊಂಟೇನಿ."

"ಚೊಚ್ಚಲ ಹೆರಗಿ ಅತ್ತಿ ಮನ್ಯಾಗ ಆದ್ರ ಮಂದಿ ಏನಂದಾರ್ರಿ?" ಎಂದಳು ಲಕ್ಕವ್ವ.

"ಮಂದಿ ಏನಾರ ಅನ್ಲಿ. ಹುಡಗಿ ಜೀವ ದೊಡ್ಡದು."

ಗಾಡಿ ಹೊರಟುಹೋಯಿತು. ಲಕ್ಕವ್ವ ಹೊಸ ಕಾಂಕ್ರೀಟಿನ ಅಂಗಳದಲ್ಲಿ ಬರಿಗಾಲಲ್ಲಿ ನಿಂತೇ ಇದ್ದಳು. ಕಾಲು ಸುಟ್ಟಾಗಲೇ ಒಳಗೆ ಬಂದಳು. ಅವತ್ತು ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಎಂಟು ದಿನ ಸುಮ್ಮನಿದ್ದಳು. ಒಂಬತ್ತನೆಯ ದಿನ ಒಂದು ಚೀಲ ಸಂಡಿಗೆ ಕಟ್ಟಿಕೊಂಡು ಬಬಲೇಶ್ವರದ ಬಸ್ಸು ಹತ್ತಿದಳು. ಏನೇ ಆಗಲಿ ಮಗಳನ್ನು ಕರೆದುಕೊಂಡೇ ಬರುವುದು ಎಂದು ಗಂಡ ಶಿವಯೋಗೆಪ್ಪನಿಗೆ ಹೇಳಿಯೇ ಹೋಗಿದ್ದಳು. ಗಾಂಧಿ ಚೌಕದಲ್ಲಿ ಸ್ಟೀಲಿನ ಪಾತ್ರೆ-ಬಾಂಡೆ ಅಂಗಡಿ ಇಟ್ಟ ಆ ಮನುಷ್ಯ ಹೆಂಡತಿಯ ಹಟದ ಎದುರು ಎಂದೂ ಬಾಯಿ ತೆಗೆದವನಲ್ಲ.

ಬಬಲೇಶ್ವರದಲ್ಲೂ ಹಗಲು ಬಿಸಿಲು ಅಷ್ಟೇ ಜೋರಿತ್ತು. ಲಕ್ಕವ್ವನಿಗೆ ಒಳಗೊಳಗೇ ಖುಷಿ. "ಇಲ್ಲೇನು ತಂಪ ಸುರೀತೈತಿ?" ಎಂದುಕೊಂಡಳು. ಸಂಜೆಯಾಯಿತು. ಗುರಬಸವ್ವ ಮಣ್ಣಿನ ಅಂಗಳಕ್ಕೆ ನಾಲ್ಕು ತಂಬಿಗೆ ನೀರು ಚಿಮುಕಿಸಿದಳು. ಹುಣಸೆ ಮರದ ಕೆಳಗೆ ಹೊರಸು, ಅಂದರೆ ನುಲಿ ಮಂಚ, ಹಾಕಿದಳು. ಹೊಲದ ಕಡೆಯಿಂದ ಗಾಳಿ ಬಂತು. ಊಟ ಮುಗಿಯುವ ಹೊತ್ತಿಗೆ ಗೋಡೆ, ನೆಲ ಎಲ್ಲ ತಣ್ಣಗೆ. ಶೈಲಶ್ರೀ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಾತಾಡುತ್ತಾಡುತ್ತಲೇ ನಿದ್ದೆ ಹೋದಳು. ವಿಜಯಪುರದಲ್ಲಿ ಇದೇ ಹೊತ್ತಿಗೆ ಗೋಡೆಗೆ ಬೆನ್ನು ಆನಿಸಲಾಗದೆ ಒದ್ದಾಡುತ್ತಿದ್ದ ಹುಡುಗಿ ಇವಳೇ ಏನು ಎನಿಸಿತು ಲಕ್ಕವ್ವನಿಗೆ. ಇಪ್ಪತ್ತೈದು ಕಿಲೋಮೀಟರಿನೊಳಗೆ ಇಷ್ಟು ಫರಕು ಹೇಗೆ?

ಬೆಳಿಗ್ಗೆ ಮಗಳನ್ನು ಕರೆದೊಯ್ಯುವ ಮಾತು ಬಾಯಿಗೆ ಬರಲಿಲ್ಲ. ಗುರಬಸವ್ವ ತಾನಾಗಿಯೇ ಹೇಳಿದಳು. ಆಕೆಯೂ ಕೆಟ್ಟವಳಲ್ಲ.

"ನೋಡ್ರಿ ಬೀಗತ್ಯಾರ, ತವರಿನ ಹಕ್ಕ ಕಸಗೊಳ್ಳೂದು ನನಗೂ ಸೇರೂದಿಲ್ಲ. ಬಸವ ಜಯಂತಿ ಮುಗಿದ ಮರುದಿವಸ ನಾನs ಬರ್ತೇನಿ. ಆ ಕ್ವಾಣ್ಯಾಗ ಮಧ್ಯಾಹ್ನ ಎರಡಕ್ಕ ಕುಂದರ್ತೇನಿ. ನನಗ ಕುಂದರಾಕ ಆದ್ರ, ಸೊಸಿನ್ನ ಕಳಸ್ತೇನಿ. ಆಗ್ಲಿಲ್ಲಂದ್ರ ಇಲ್ಲ."

ಕೈಯಲ್ಲಿ ಇದ್ದದ್ದು ಹದಿನೈದೇ ದಿನ.

ಊರಿಗೆ ಬಂದ ಲಕ್ಕವ್ವ ನೆಟ್ಟಗೆ ಆಮ್ರಪಾಲಿಯನ್ನು ಕರೆಸಿದಳು. ಶಿವಯೋಗೆಪ್ಪನೂ ಅಂಗಡಿಯಿಂದ ಊಟಕ್ಕೆ ಬಂದಿದ್ದ.

"ಇದಕ್ಯಾಕ ಇಷ್ಟ ಚಿಂತಿ? ಒಂದು ಎ.ಸಿ. ತಂದು ಹಾಕಿಬಿಡೂಣು," ಎಂದ.

"ಬ್ಯಾಡಂತ ನಾ ಅನ್ನೂದಿಲ್ರಿ ಅಣ್ಣಾರ," ಎಂದಳು ಆಮ್ರಪಾಲಿ. "ಆದ್ರ ಎ.ಸಿ. ಏನ್ ಮಾಡತೈತಿ? ನಿಮ್ಮ ಕ್ವಾಣಿ ಬಿಸಿ ತಗದು ಓಣ್ಯಾಗ ಉಗಳತೈತಿ. ನಿಮ್ಮ ಗ್ವಾಡಿ ಆಚೆ ಸುರೈಯಾ ಭಾಬಿ ಕಿಟಕಿ ಐತಿ. ಎಲ್ಲಾರೂ ಹಿಂಗ ಉಗಳಿದ್ರ ಓಣಿ ಏನಾಗಬೇಕು?"

"ಬಿಸಲ ಬಬಲೇಶ್ವರದಾಗೂ ಐತಲ್ಲ ಬೇ," ಲಕ್ಕವ್ವ ಕೇಳಿಯೇ ಬಿಟ್ಟಳು. "ಸಂಜೀಕ ಅಲ್ಲೆ ಹ್ಯಾಂಗ ತಣ್ಣಗಾಗತೈತಿ? ನಮ್ಮ ಓಣಿ ಮ್ಯಾಲ ದೇವ್ರಿಗೇನ್ ಸಿಟ್ಟ?"

ಆಮ್ರಪಾಲಿ ನಕ್ಕಳು. ಅವಳ ಒಂದು ಗುಣ ಮೆಚ್ಚಬೇಕು. ತರಬೇತಿಯಲ್ಲಿ ಕಲಿತದ್ದನ್ನು ಎದುರಿನವರ ಅಡುಗೆ ಮನೆಯ ಮಾತಿನಲ್ಲಿ ಹೇಳುತ್ತಾಳೆ, ಯಾರನ್ನೂ ದಡ್ಡರನ್ನಾಗಿ ಮಾಡುವುದಿಲ್ಲ.

"ದೇವ್ರ ಸಿಟ್ಟ ಅಲ್ರಿ ಅಕ್ಕಾರ, ನಮ್ಮ ಕೆಲಸ. ಒಲಿ ಆರಸಿದ ಮ್ಯಾಲೂ ಹಂಚ ಎಷ್ಟ ಹೊತ್ತ ಬಿಸಿ ಇರತೈತಿ? ಸಿಮೆಂಟು, ಡಾಂಬರು, ತಗಡು ಹಂಗ. ಹಗಲೆಲ್ಲಾ ಬಿಸಲ ಕುಡೀತಾವ, ಹೊತ್ತ ಮುಳಗಿದ ಮ್ಯಾಲ ಹೊಳ್ಳಿ ನಮ್ಮ ಮ್ಯಾಲ ಬಿಡ್ತಾವ. ಹಳ್ಳ್ಯಾಗ ಬಯಲ ಮಣ್ಣೈತಿ, ಗಿಡ ಅದಾವ. ಗಿಡ ನೆರಳೂ ಕೊಡತಾವ, ಎಲ್ಯಾಗಿಂದ ಹಸಿ ಬಿಟ್ಟು ಗಾಳಿನೂ ತಂಪ ಮಾಡತಾವ. ನಾವು ಗಿಡ ಕಡದೇವಿ, ಮಣ್ಣ ಮುಚ್ಚೇವಿ. ಮ್ಯಾಲ ಗಾಡಿ ಹೊಗಿ, ಎ.ಸಿ. ಗಾಳಿ. ಸುತ್ತಲಿನ ಹೊಲ ತಣ್ಣಗಾದ್ರೂ ನಡುವ ಊರೊಂದs ಕುದೀತಿರತೈತಿ. ಓದಿದವರು ಇದಕ್ಕ ಶಾಖದ ದ್ವೀಪ ಅಂತಾರ. ನಡುಗಡ್ಡಿ ಅಂತೇವಲ್ಲ, ಹಂಗ."

ಲಕ್ಕವ್ವ ತನ್ನ ಅಂಗಳ ನೋಡಿದಳು. ಆದರೂ ಅಷ್ಟು ಸುಲಭಕ್ಕೆ ಒಪ್ಪಿದರೆ ಅವಳು ಲಕ್ಕವ್ವ ಹೇಗಾದಾಳು?

"ಬಾಣಂತಿಗಿ ಬಿಸಿನs ಬೇಕಲ್ಲ? ಥಂಡಿ ಹತ್ತಿದ್ರ?"

"ಥಂಡಿ ಯಾರ ಮಾಡಂತಾರ್ರಿ? ಮೇ ತಿಂಗಳದಾಗ ಬಾಣಂತಿನ್ನ, ಹಸಗೂಸನ್ನ ಬೇಯಸೂದ ಬ್ಯಾಡ ಅಂತೇನಿ, ಅಷ್ಟ."

"ಈಗೇನ್ ಮಾಡಂತಿ?"

"ಮೊದಲ ಮಾಳಗಿಗೆ ಸುಣ್ಣ ಹಚ್ರಿ. ಬಿಳಿ ಬಣ್ಣಕ್ಕ ಬಿದ್ದ ಬಿಸಲ ಮ್ಯಾಲಿಂದ ಮ್ಯಾಲ ಹೊಳ್ಳಿ ಹೋಗತೈತಿ."

ಲಕ್ಕವ್ವ ಎದ್ದೇ ನಿಂತಳು. "ಮಾಳಗಿಗೆ ಸುಣ್ಣ ಹಚ್ಚಿದ್ರ ನನ್ನ ಸಂಡಿಗಿ ಎಲ್ಲೆ ಒಣಗಬೇಕ? ನೆಲ ಕಾದ್ರನs ಸಂಡಿಗಿ ಒಣಗೂದು!"

ಈ ಓಣಿಯ ಹೆಂಗಸರಿಗೆಲ್ಲ ಇದೇ ನಂಬಿಕೆ. ಮಾಳಿಗೆ ಕಾದಷ್ಟೂ ಸಂಡಿಗೆ ಒಳ್ಳೆಯದು ಅಂತ, ಕೆಳಗೆ ಮಕ್ಕಳು ಬೇಯುತ್ತಿದ್ದರೂ, ಮೇಲಿನ ಸುಡುವ ನೆಲದ ಮೇಲೆ ಹೆಮ್ಮೆಯಿಂದ ಹಿಟ್ಟು ಹರಡುತ್ತಿದ್ದರು.

"ನಮ್ಮ ತವರು ತಿಕೋಟಾ ಗೊತ್ತಲ್ರಿ?" ಎಂದಳು ಆಮ್ರಪಾಲಿ. "ನಮ್ಮಣ್ಣ ಬಾಬು ದ್ರಾಕ್ಷಿ ಶೆಡ್ಡಿನ್ಯಾಗ ಕೆಲಸ ಮಾಡ್ತಾನ. ಅಲ್ಲೆ ಒಣದ್ರಾಕ್ಷಿ ಮಾಡೂದು ನೋಡ್ರಿ. ಸುಡು ನೆಲದ ಮ್ಯಾಲ ಯಾರೂ ಹಾಕೂದಿಲ್ಲ. ಮ್ಯಾಲ ನೆರಳು, ನಡುವ ಜಾಳಿಗಿ ಅಟ್ಟ, ಸುತ್ತ ಗಾಳಿ. ರಸ ತುಂಬಿದ ದ್ರಾಕ್ಷಿನs ಗಾಳಿಗೆ ಒಣಗತೈತಿ ಅಂದ್ರ ನಿಮ್ಮ ಸಂಡಿಗಿ ಒಣಗೂದಿಲ್ಲೇನು? ಹೊರಸಿನ ಮ್ಯಾಲ ಅರಿವಿ ಹಾಸಿ ಇಡ್ರಿ. ಬಿಸಲ ಮ್ಯಾಲಿಂದ, ಗಾಳಿ ಕೆಳಗಿಂದ."

ಲಕ್ಕವ್ವ ಸೊಂಟಕ್ಕೆ ಕೈ ಇಟ್ಟು ಯೋಚಿಸಿದಳು. "ಅರ್ಧಕ್ಕಷ್ಟ ಹಚ್ತೇನಿ. ಪಡಸಾಲಿ ಮ್ಯಾಲ. ಸುಳ್ಳಾದ್ರ ನಿನಗ ಐತಿ ನೋಡ."

"ಆಗ್ಲಿ ಬಿಡ್ರಿ. ಅರ್ಧನs ಹಚ್ರಿ."

ಮರುದಿನ ನಸುಕಿನಲ್ಲಿ ಕೆಲಸ ಶುರು. ಮೊದಲು ಮಾಳಿಗೆ ಗುಡಿಸಿ, ತಿಕ್ಕಿ ತೊಳೆದರು. ಹಿಂದಿನ ದಿನವೇ ನೀರಿನಲ್ಲಿ ನೆನೆಸಿಟ್ಟ ಸುಣ್ಣವನ್ನು ಸೋಸಿ, ಪೇಂಟಿನ ಅಂಗಡಿಯಲ್ಲಿ ಸಿಗುವ ಅಂಟು ಬೆರೆಸಿದರು. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಅದಕ್ಕೆ ಆಮ್ರಪಾಲಿ ಎಲ್ಲರ ಕಣ್ಣಿಗೆ ಕನ್ನಡಕ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಸಿದಳು. ಶಿವಯೋಗೆಪ್ಪನ ತಂಪು ಕನ್ನಡಕ ಲಕ್ಕವ್ವನ ಮೂಗಿನ ಮೇಲೆ ಬಂತು. ಓಣಿಯ ಮಂದಿ ಕೆಳಗೆ ನಿಂತು ನಕ್ಕರು. ನಗಲಿ ಬಿಡಿ, ಅವಳು ಕುಂಚ ಬಿಡಲಿಲ್ಲ. ಒಂದು ಕೈ ಸುಣ್ಣ ಒಣಗಿದ ಮೇಲೆ ಇನ್ನೊಂದು, ಹೀಗೆ ಮೂರು ಕೈ ಹಚ್ಚಿದರು.

ನಾಲ್ಕನೆಯ ದಿನ ಮಧ್ಯಾಹ್ನ ಆಮ್ರಪಾಲಿ ಗೋಡೆಗೆ ತೂಗುಹಾಕುವ ಥರ್ಮಾಮೀಟರ್ ತಂದಳು. ಬಾಣಂತಿ ಕೋಣೆಯಲ್ಲಿ ಮೂವತ್ತೊಂಬತ್ತು ಡಿಗ್ರಿ. ಸುಣ್ಣ ಹಚ್ಚಿದ ಪಡಸಾಲೆಯಲ್ಲಿ ಮೂವತ್ತಾರು.

"ನಿನ್ನ ಮೀಟರ್ ಸುಳ್ಳ ಹೇಳತಿರಬೇಕು," ಎಂದು ಲಕ್ಕವ್ವ ಮಾಳಿಗೆ ಹತ್ತಿದಳು. ಚಪ್ಪಲಿ ಕಳಚಿ ಸುಣ್ಣ ಹಚ್ಚದ ಸ್ಲ್ಯಾಬಿನ ಮೇಲೆ ಕಾಲಿಟ್ಟಳು. "ಅಯ್ಯಯ್ಯಪ್ಪಾ!" ಎಂದು ಹಾರಿ ಬಿಳಿ ಕಡೆಗೆ ಬಂದಳು. ಅಲ್ಲಿ ನಿಂತಳು. ನಿಂತೇ ಇದ್ದಳು. ಆಮ್ರಪಾಲಿ ಹೇಳಿದಂತೆ ಅಲ್ಲಿ ಹೊರಸಿನ ಮೇಲೆ ಅರಿವೆ ಹಾಸಿ ಒಣಗಲು ಇಟ್ಟಿದ್ದ ಕುರಡಿಗೆ ಎತ್ತಿ ಮುರಿದಳು. ಕಟಕ್ ಎಂದು ಮುರಿಯಿತು. ಎರಡೂ ಬದಿ ಒಂದೇ ಸಮ ಒಣಗಿತ್ತು, ಅರಿವೆಗೆ ಅಂಟಿಕೊಂಡಿರಲಿಲ್ಲ.

"ಆಮ್ರಪಾಲಿ, ಉಳಿದ ಅರ್ಧಕ್ಕ ಇವತ್ತ ಸುಣ್ಣ ನೆನಿ ಹಾಕೂಣ್ರಿ," ಎಂದಳು. 'ಬೇ' ಎಂದು ಏಕವಚನದಲ್ಲಿ ಮಾತಾಡುತ್ತಿದ್ದವಳ ಬಾಯಲ್ಲಿ ಅವತ್ತು ಮರ್ಯಾದೆಯ 'ರಿ' ಬಂತು. ಆಮ್ರಪಾಲಿ ಅದನ್ನು ಗಮನಿಸಿಯೂ ಗಮನಿಸದಂತೆ ಇದ್ದಳು.

ಪೂರ್ತಿ ಮಾಳಿಗೆ ಬೆಳ್ಳಗಾಯಿತು. ಆದರೂ ಬಾಣಂತಿ ಕೋಣೆ ಪಡಸಾಲೆಯಷ್ಟು ತಣಿಯಲಿಲ್ಲ. ಸಂಜೆ ಹೊತ್ತಿಗಂತೂ ಒಂದು ಗೋಡೆ ಮುಟ್ಟಲಾಗುತ್ತಿರಲಿಲ್ಲ. ಅದು ಸುರೈಯಾಳ ಮನೆಯ ಕಡೆಯ ಗೋಡೆ. ಲಕ್ಕವ್ವ ಮಾಳಿಗೆಯಿಂದ ಬಗ್ಗಿ ನೋಡಿದಳು. ಗೋಡೆಗೆ ತಾಗಿಕೊಂಡು ಸುರೈಯಾಳ ಅಂಗಳದ ತುಂಬ ತಗಡಿನ ಚಪ್ಪರ, ಬಿಸಿಲಿಗೆ ಧಗಧಗ. ಈ ತಗಡು ಮೊದಲು ಇರಲಿಲ್ಲ. ಬೇವಿನ ಮರ ಹೋದ ಮೇಲೆ ನೆರಳಿಲ್ಲದೆ ಪಾಪ ಆಕೆ ಹಾಕಿಸಿಕೊಂಡದ್ದು. ಮರ ಕಡಿಸಿದ್ದು ಯಾರು? ಲಕ್ಕವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತಾನು ಕಡಿಸಿದ ಮರವೇ ತಿರುಗಿ ತನ್ನ ಮಗಳ ಕೋಣೆಯನ್ನು ಸುಡುತ್ತಿತ್ತು.

ಬಸವ ಜಯಂತಿಗೆ ಇನ್ನು ಐದೇ ದಿನ. ಲಕ್ಕವ್ವ ಮೂರು ಸಲ ಹೊಸ್ತಿಲು ದಾಟಿ ಮೂರು ಸಲ ಒಳಗೆ ಬಂದಳು. ಸುಣ್ಣ ಹಚ್ಚುವುದು ಸುಲಭ, ಆ ಬಾಗಿಲು ಬಡಿಯುವುದು ಕಷ್ಟ. ಕೊನೆಗೆ ಬಡಿದಳು. ನಾನಂತೂ ಅವಳು ಮೂರು ಕೈ ಸುಣ್ಣ ಹಚ್ಚಿದ್ದಕ್ಕಿಂತ ಈ ಬಾಗಿಲು ಬಡಿದದ್ದಕ್ಕೇ ಹೆಚ್ಚು ಮೆಚ್ಚುತ್ತೇನೆ.

ಸುರೈಯಾ ಬಾಗಿಲು ತೆರೆದಳು. "ಏನ್ ಲಕ್ಕವ್ವಾ, ಇವತ್ತೇನ್ ಕಡಸಬೇಕಾಗೈತಿ?"

"ಕಡಸಾಕ ಬಂದಿಲ್ಲ ಬೇ. ತಪ್ಪಾತು ಅನ್ನಾಕ ಬಂದೇನಿ."

ಸುರೈಯಾ ನಿಧಾನಕ್ಕೆ ಅಂದಳು, "ಆ ಗಿಡಾ ನಮ್ಮ ಅತ್ತಿ ಹಚ್ಚಿದ್ದು. ನಾ ಮದವಿ ಆಗಿ ಬಂದಾಗ ನನ್ನ ಎದಿಮಟ ಇತ್ತು. ನಿನಗ ಎಲಿ ಬಿದ್ದದ್ದs ಕಂಡತು."

"ಹೌದು. ನೆರಳ ಕಾಣಲಿಲ್ಲ. ಕಣ್ಣ ಇದ್ದೂ ಕಾಣಲಿಲ್ಲ." ಲಕ್ಕವ್ವನ ಕಣ್ಣು ತುಂಬಿದವು. "ನನ್ನ ಮಗಳ ಬಿದ್ದಾಗ ಅದನ್ನ ಮನಸಿನ್ಯಾಗ ಇಟಗೊಳ್ಳದ ಓಡಿ ಬಂದಿ. ಆವತ್ತ ಒಂದು ಮಾತ ಆಡ್ಲಿಲ್ಲ ನಾ."

"ಆಕಿ ನನ್ನ ತೊಡಿ ಮ್ಯಾಲ ಆಡಿ ಬೆಳದಾಕಿ. ಬರದ ಏನ್ ಮಾಡ್ಲಿ?" ಸುರೈಯಾ ಬಾಗಿಲು ಪೂರ್ತಿ ತೆರೆದಳು. "ಒಳಗ ಬಾ. ಬಿಸಲಾಗ ನಿಂತು ಅಳಬ್ಯಾಡ. ಈಗ ಏನ್ ಮಾಡಬೇಕ ಹೇಳ."

ತಗಡಿಗೆ ಸುಣ್ಣ ನಿಲ್ಲುವುದಿಲ್ಲ, ಉದುರಿ ಬರುತ್ತದೆ. ಅದಕ್ಕೆ ಬಿಸಿಲು ತಡೆಯುವ ಬಿಳಿ ಪೇಂಟೇ ಆಗಬೇಕೆಂದು ಆಮ್ರಪಾಲಿ ಹೇಳಿದ್ದಳು. ಸುರೈಯಾಳ ಗಂಡ ಪೀರಸಾಬ ತಾನೇ ಏಣಿ ಹತ್ತಿ ಎರಡು ಕೈ ಹಚ್ಚಿದ. ಅದನ್ನು ನೋಡಿ ಎದುರು ಮನೆಯವರು ಕೇಳಿದರು. ಅವರನ್ನು ನೋಡಿ ಮೂಲೆ ಮನೆಯವರು. ಓಣಿಯ ಸ್ವಸಹಾಯ ಸಂಘದ ಹೆಂಗಸರು ಓಣಿಯ ತುದಿಯಲ್ಲಿ ಡ್ರಮ್ಮಿನಲ್ಲಿ ಒಟ್ಟಿಗೇ ಸುಣ್ಣ ನೆನೆಸಿದರು. ಏಣಿ ಒಂದೇ, ಕುಂಚ ಐದು, ಮನೆ ಹನ್ನೊಂದು. ನೋಡುವಂತಿತ್ತು ಆ ಸಂಭ್ರಮ! ಲಕ್ಕವ್ವ ಆ ತಂಪು ಕನ್ನಡಕ ಹಾಕಿಕೊಂಡು ಮನೆಮನೆಗೆ ಹೋಗಿ, "ಸಂಡಿಗಿ ಒಣಗೂದಿಲ್ಲ ಅನಬ್ಯಾಡ್ರಿ, ನನ್ನ ಕೇಳ್ರಿ," ಎಂದು ಜಬರದಸ್ತಿ ಮಾಡುತ್ತಿದ್ದಳು. ಅವಳ ಹಟಕ್ಕೆ ಕಡೆಗೂ ಒಂದು ಒಳ್ಳೆಯ ಕೆಲಸ ಸಿಕ್ಕಿತ್ತು.

ಬಾಬು ತಿಕೋಟಾದಿಂದ ಒಣದ್ರಾಕ್ಷಿ ಶೆಡ್ಡಿನ ಹಳೆಯ ಹಸಿರು ಜಾಳಿಗೆ ತಂದುಕೊಟ್ಟ. ಆಟೋ ಹೋಗುವಷ್ಟು ಎತ್ತರ ಬಿಟ್ಟು, ಓಣಿಯ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದರು. ಲಕ್ಕವ್ವ ತನ್ನ ಹೊಸ ಅಂಗಳದಲ್ಲಿ, ಹೊಟ್ಟೆ ಉರಿದರೂ, ಗೋಡೆಗುಂಟ ಎರಡು ಮೊಳ ಕಾಂಕ್ರೀಟು ಒಡೆಸಿ ಮಣ್ಣು ತೆರೆದಳು. ಅಲ್ಲಿ ಬಳ್ಳಿ ನೆಟ್ಟಳು. ಓಣಿಯ ಅಂಚಿಗೆ ಮರ ಬೆಳೆಸಲು ಜಾಗ ಕೊಡಿ ಎಂದು ಹೆಂಗಸರೆಲ್ಲ ಸಹಿ ಮಾಡಿ ಪಾಲಿಕೆಗೆ ಅರ್ಜಿ ಕೊಟ್ಟರು. ಮುಂದೆ ಒಪ್ಪಿಗೆ ಬಂದ ಮೇಲೆ ಬೇವು, ಹೊಂಗೆ ಕೂಡಿ ಎಂಟು ಸಸಿ ನೆಟ್ಟರು. ತರಕಾರಿ ತೊಳೆದ ನೀರು ಗಟಾರಕ್ಕೆ ಹೋಗದೆ ಅವಕ್ಕೆ ಹೋಗತೊಡಗಿತು. ಅವು ನೆರಳು ಕೊಡಲು ವರ್ಷಗಳೇ ಬೇಕು, ಎಲ್ಲರಿಗೂ ಗೊತ್ತು.

ಬಸವ ಜಯಂತಿಯ ಮರುದಿನ ಗುರಬಸವ್ವ ಹೇಳಿದ ಮಾತಿನಂತೆ ಬಂದಳು. ಗಡಿಯಾರ ನೋಡಿಕೊಂಡೇ ಬಂದಿದ್ದಳು, ಸರಿಯಾಗಿ ಎರಡು ಗಂಟೆಗೆ. ಬಾಣಂತಿ ಕೋಣೆಯ ಗೋಡೆಗಳನ್ನು ಒಂದೊಂದಾಗಿ ಮುಟ್ಟಿದಳು. ಕಿಟಕಿಗೆ ಕಟ್ಟಿದ ಒದ್ದೆ ಅರಿವೆ ನೋಡಿದಳು. ನೆಲದ ಮೇಲೆ ಕುಳಿತಳು. ಲಕ್ಕವ್ವ ಮಜ್ಜಿಗೆ ಕೊಟ್ಟು ಬಾಗಿಲಲ್ಲಿ ನಿಂತಳು. ಪರೀಕ್ಷೆಗೆ ಕೂತ ಮಕ್ಕಳಿಗೂ ಅಷ್ಟು ಎದೆ ಹೊಡೆದುಕೊಳ್ಳುವುದಿಲ್ಲ.

ಗುರಬಸವ್ವ ಊರ ಸುದ್ದಿ ತೆಗೆದಳು. ಸಂತೆ, ಮದುವೆ, ಎಮ್ಮೆ ಈದದ್ದು. ಮಾತು ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು. ಲಕ್ಕವ್ವ ಬಗ್ಗಿ ನೋಡಿದರೆ ಬೀಗತಿ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು. ಅದೂ ಯಾವ ಗೋಡೆ? ಸುರೈಯಾಳ ಕಡೆಯದು!

ಅರ್ಧ ಗಂಟೆಯ ಮೇಲೆ ಎಚ್ಚರವಾಗಿ ನಾಚಿದಳು. "ನಿಮ್ಮ ಮನ್ಯಾಗ ನಿದ್ದಿ ಬಂತಲ್ರಿ ಬೀಗತ್ಯಾರ!"

"ಬಬಲೇಶ್ವರದಷ್ಟ ತಣ್ಣಗ ಆಗಿಲ್ರಿ," ಲಕ್ಕವ್ವ ಮೆಲ್ಲಗೆ ಹೇಳಿದಳು. "ಅಷ್ಟ ಆಗಾಕ ಗಿಡಾ ಬೆಳೀಬೇಕು."

"ಇಷ್ಟ ಸಾಕು. ಮಗಳಿಗಾಗಿ ಇಷ್ಟ ಮಾಡಿದ ತವರಿಗೆ ಕಳಸದ ಇದ್ರ ನನಗ ಒಳ್ಳೇದಾಗೂದಿಲ್ಲ. ನಾಡಿದ್ದ ಕರಕೊಂಡ ಬರ್ತೇನಿ."

ಶೈಲಶ್ರೀ ಬಂದಳು. ಕೋಣೆಯ ಮೂಲೆಯಲ್ಲಿ ನೀರಿನ ಮಡಕೆ, ಒಆರ್‌ಎಸ್ ಪೊಟ್ಟಣ, ನಿಂಬೆ ಹಣ್ಣು. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕಾಲಿಡಕೂಡದೆಂದು ಲಕ್ಕವ್ವನ ಕಟ್ಟಪ್ಪಣೆ. ದಿನ ತುಂಬಿ, ಮೇ ತಿಂಗಳ ನಡುವೆ, ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ತಾಯಿಯ ಹಾಗೇ ದುಂಡು ಮುಖ. ಮೂರನೆಯ ದಿನ ಬಾಣಂತಿ, ಕೂಸು ತವರು ಮನೆಗೆ ಬಂದರು. ಲಕ್ಕವ್ವ ರೂಢಿಯಂತೆ ಮಂಚದ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬುಟ್ಟಿ ಇಡಲು ಹೊರಟಳು. ಆಮ್ರಪಾಲಿ ಬರೀ ಹುಬ್ಬೇರಿಸಿದಳು. ಲಕ್ಕವ್ವ ನಗುತ್ತ ಬುಟ್ಟಿ ವಾಪಸು ಒಯ್ದಳು.

ಆ ವಾರ ಬಿಸಿಲು ಈ ವರ್ಷದಲ್ಲೇ ಜಾಸ್ತಿ. ಒಂದು ಮಧ್ಯಾಹ್ನ ಎರಡೂವರೆಗೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗುತ್ತ ನಿಂತಿತು. ಲಕ್ಕವ್ವ, ಸುರೈಯಾ ಇಬ್ಬರೂ ಬೀಸಣಿಗೆ ಹಿಡಿದು ತೊಟ್ಟಿಲ ಹತ್ತಿರ ಓಡಿದರು. ಒಂದು ನಿಮಿಷ ಆಯಿತು, ಐದು ನಿಮಿಷ ಆಯಿತು. ಕೂಸು ತುಟಿ ಚಪ್ಪರಿಸಿತು, ಮುಷ್ಟಿ ಬಿಚ್ಚಿತು, ಸಣ್ಣಗೆ ಉಸಿರಾಡುತ್ತ ಹಾಯಾಗಿ ಮಲಗಿಯೇ ಇತ್ತು. ಮಂಚದ ಮೇಲೆ ಶೈಲಶ್ರೀಯೂ ನಿದ್ದೆಯಲ್ಲಿದ್ದಳು. ಲಕ್ಕವ್ವ ಕೂಸಿನ ಕುತ್ತಿಗೆ ಮುಟ್ಟಿ ನೋಡಿದಳು, ಬೆವರಿಲ್ಲ, ಬೆಚ್ಚಗೆ ಹಿತವಾಗಿತ್ತು. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ. ಸುರೈಯಾ ಅವಳ ಬೆನ್ನು ಸವರುತ್ತ, "ಸಾವಕಾಶ ಅಳ ಬೇ, ಕೂಸ ಎದ್ದೀತು," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬ ಬಸುರಿ ಇರಬಹುದು, ತೊಟ್ಟಿಲಲ್ಲಿ ಕೂಸು ಇರಬಹುದು, ವಯಸ್ಸಾದ ಅಪ್ಪ ಇರಬಹುದು. ಇವತ್ತು ಮಧ್ಯಾಹ್ನ ಒಮ್ಮೆ ಅವರು ಮಲಗುವ ಕೋಣೆಯ ಗೋಡೆ ಮುಟ್ಟಿ ನೋಡಿ. ಸುಟ್ಟರೆ, ಮಾಳಿಗೆಗೆ ಸುಣ್ಣ ಹಚ್ಚಿ, ತಗಡಿಗೆ ಬಿಳಿ ಪೇಂಟು ಬಳಿಯಿರಿ. ಇದ್ದ ಮರಕ್ಕೆ ಕೊಡಲಿ ಹಾಕಬೇಡಿ, ಇಲ್ಲದ ಕಡೆ ಸಸಿ ನೆಟ್ಟು ನೀರು ಹಾಕಿ. ಅಂಗಳ ಪೂರ್ತಿ ಮುಚ್ಚದೆ ಒಂದಿಷ್ಟಾದರೂ ಮಣ್ಣು ಬಿಡಿ. ಬಿಸಿಲಿಗೆ ಯಾರಾದರೂ ಕುಸಿದರೆ ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಒರೆಸುತ್ತ, ತಡಮಾಡದೆ ೧೦೮ಕ್ಕೆ ಫೋನು ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಇನ್ನೊಂದು ಮಾತು. ನಿಮ್ಮ ಮನೆ ಒಂದೇ ಬೆಳ್ಳಗಾದರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧ ಪಕ್ಕದ ಮನೆಯ ಮಾಳಿಗೆಯ ಮೇಲಿದೆ. ಮಾತು ಬಿಟ್ಟಿದ್ದರೂ ಚಿಂತೆಯಿಲ್ಲ, ಇವತ್ತೇ ಹೋಗಿ ಆ ಬಾಗಿಲು ಬಡಿಯಿರಿ.